ಮೂರು ಚಕ್ರ, ಎರಡು ಸೀಮೆ

ನಾನು ಪರದೇಶಕ್ಕೆ ಹೋಗಿ ಬಂದೆ ಎಂದರೆ ಮಾಲೂರಿನಲ್ಲಿ ನಗುತ್ತಾರೆ. ಹಡಗು ಹತ್ತಲಿಲ್ಲ, ಸಮುದ್ರ ನೋಡಲಿಲ್ಲ, ಒಂದು ಕೋಟನ್ನೂ ಹೊಸದಾಗಿ ಹೊಲಿಸಲಿಲ್ಲ, ಇದೆಂಥ ಪರದೇಶ ಎನ್ನುತ್ತಾರೆ. ನಾನು ಹೋದದ್ದು ಪಲಮನೇರಿನ ಈಚೆಗಿರುವ ಒಂದು ಹಳ್ಳಿಗೆ. ಆದರೆ ನಂಗಲಿ ದಾಟಿದರೆ ನಮ್ಮ ಮಹಾರಾಜರ ಸೀಮೆ ಮುಗಿಯಿತು, ಅಲ್ಲಿಂದಾಚೆ ಇಂಗ್ಲಿಷರ ಸರಕಾರ. ಕಚೇರಿ ಬೇರೆ, ಕಾನೂನು ಬೇರೆ, ಭಾಷೆ ಬೇರೆ, ಅಳೆಯುವ ಸೇರೂ ಬೇರೆ. ಇಷ್ಟೆಲ್ಲ ಬೇರೆಯಾದ ಮೇಲೆ ಅದು ಪರದೇಶವಲ್ಲದೆ ಮತ್ತೇನು? ಇನ್ನೂ ಒಂದು ವಸ್ತು ಅಲ್ಲಿ ಬೇರೆಯಿದೆ. ಅದೇನೆಂದು ನನಗೆ ಹೋದ ಮೇಲೆ ತಿಳಿಯಿತು, ಅದೂ ಮೈಗೆ ಮಣ್ಣು ಮೆತ್ತಿಕೊಂಡು.

ಮಾಲೂರು

ಮೊದಲು ನನ್ನ ವಾಹನದ ವಿಷಯ ಹೇಳಿಬಿಡುತ್ತೇನೆ. ನಾನು ರಸ್ತೆ ಓವರ್‌ಸಿಯರ್ ಆಗಿದ್ದವನು. ನೌಕರಿಯ ಕಾಲವೆಲ್ಲ ಕೋಲಾರದ ಸುತ್ತಿನ ರಸ್ತೆ, ಮೋರಿ, ಕೆರೆ ಏರಿಗಳನ್ನು ನೋಡಿಕೊಂಡು ಅಲೆದೆ. ಮೊದಲು ಸೈಕಲ್ಲಿನ ಮೇಲೆ, ಆಮೇಲೆ ಚಿನ್ನದ ಗಣಿಯಿಂದ ತನ್ನೂರಿಗೆ ಹೊರಟ ದೊರೆಯೊಬ್ಬನಿಂದ ಕೊಂಡ ಮೋಟಾರ್ ಸೈಕಲ್ಲಿನ ಮೇಲೆ. ಜನ ಅದನ್ನು ಪಟಪಟಿ ಎಂದರು, ನನ್ನನ್ನು ಪಟಪಟಿ ರಾಯರು ಎಂದರು. ಅದರ ಸದ್ದು ಫರ್ಲಾಂಗು ದೂರದಲ್ಲಿ ಕೇಳಿದರೆ ಸಾಕು, ಮರದ ಕೆಳಗೆ ಬೀಡಿ ಸೇದುತ್ತಿದ್ದ ಕೂಲಿಯವರು ಎದ್ದು ಜಲ್ಲಿ ಒಡೆಯಲು ಶುರುಮಾಡುತ್ತಿದ್ದರು. ಸದ್ದಿಲ್ಲದ ಸೈಕಲ್ಲಿನ ಕಾಲದಲ್ಲಿ ನಾನು ಹೆಚ್ಚು ಮೈಗಳ್ಳರನ್ನು ಹಿಡಿದಿದ್ದೆ ಎಂಬುದು ಬೇರೆ ಮಾತು.

ಪೆನ್ಷನ್ ಬಂದ ಮೇಲೂ ನಾನು ಪಟಪಟಿ ಬಿಡಲಿಲ್ಲ. ಬಿಡಿಸಿದ್ದು ಎಡ ಮೊಣಕಾಲು. ಓಡುವ ಗಾಡಿಯಿಂದ ಬಿದ್ದಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯಾದರೂ ಇರುತ್ತಿತ್ತು. ನಾನು ಬಿದ್ದದ್ದು ನಿಂತ ಗಾಡಿಯಿಂದ. ಊರ ಹೊರಗಿನ ರೈಲು ಗೇಟು ಹಾಕಿತ್ತು. ನಿಲ್ಲಿಸಿ ಎಡಗಾಲು ಊರಿದೆ, ಮೊಣಕಾಲು ಕುಸಿಯಿತು, ಗಾಡಿ ಮೇಲೆ, ನಾನು ಕೆಳಗೆ. ಸಂತೆಗೆ ಹೊರಟಿದ್ದ ಅರ್ಧ ಊರು ಅಲ್ಲಿತ್ತು. ಗೇಟು ಕಾಯುವ ಮುನಿಸ್ವಾಮಿ ಓಡಿ ಬಂದು ನನ್ನನ್ನು ಎತ್ತಿ ನಿಲ್ಲಿಸಿದ, ರೈಲು ಹೋಗುವ ತನಕ ತೋಳನ್ನು ಬಿಡದೆ ಹಿಡಿದುಕೊಂಡ. ಬಿದ್ದದ್ದಕ್ಕಿಂತ ಆ ಹಿಡಿತವೇ ನನಗೆ ಹೆಚ್ಚು ನೋವಾಯಿತು. ಇನ್ನು ನನ್ನ ಗತಿ ಜಗಲಿಯೇ, ಹೋಗುವವರನ್ನೆಲ್ಲ ಎಲ್ಲಿಗೆ ಎಂದು ಕೇಳುತ್ತ ಕೂರುವುದೇ ಎಂದು ಆ ದಿನ ನಿಜವಾಗಿ ಹೆದರಿದೆ.

ಹೆದರಿಕೆಯೇ ಉಪಾಯ ಹುಡುಕಿತು. ಕಾಲು ಊರಿ ಹಿಡಿಯಲಾಗದಿದ್ದರೆ ಕಾಲು ಊರುವ ಅಗತ್ಯವೇ ಇಲ್ಲದ ಗಾಡಿ ಬೇಕು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಉಳಿಗಳನ್ನು ಹದಮಾಡಿಕೊಡುವ ಕಮ್ಮಾರ ನರಸಿಂಹಾಚಾರಿ ನನ್ನ ಹಳೆಯ ಸ್ನೇಹಿತ. ಇಬ್ಬರೂ ಸೇರಿ ಪಟಪಟಿಯ ಹಿಂದಿನ ಒಂಟಿ ಚಕ್ರ ಕಿತ್ತು, ಉದ್ದನೆಯ ಅಚ್ಚು ಹಾಕಿ, ಎರಡು ಚಕ್ರ ಕೂರಿಸಿದೆವು. ಅಚ್ಚಿನ ಮೇಲೆ ಹಳೆಯ ಜಟಕಾದ ಸೀಟು. ಬಲದ ಚಕ್ರವನ್ನು ಚೈನು ಎಳೆಯುತ್ತದೆ, ಎಡದ್ದು ಸುಮ್ಮನೆ ಜೊತೆಯಲ್ಲಿ ಉರುಳುತ್ತದೆ. ಇದನ್ನು ವಿವರಿಸಿದಾಗ ನನ್ನ ಹೆಂಡತಿ ಸಾವಿತ್ರಮ್ಮ, ನಮ್ಮ ಸಂಸಾರವೂ ಹೀಗೇ ನಡೆದದ್ದು ಎಂದಳು. ಎಳೆದ ಚಕ್ರ ಯಾವುದು ಎಂದು ನಾನು ಕೇಳಲು ಹೋಗಲಿಲ್ಲ.

ಅಚ್ಚು ಎಷ್ಟು ಅಗಲವಿರಬೇಕು ಎಂಬ ಪ್ರಶ್ನೆ ಬಂದಾಗ ನನ್ನೊಳಗಿನ ಓವರ್‌ಸಿಯರ್ ಎದ್ದು ಕೂತ. ಆಚಾರಿಯ ಬಾಗಿಲಲ್ಲಿ ರಾಗಿ ಇಳಿಸಿದ ಎತ್ತಿನ ಬಂಡಿ ನಿಂತಿತ್ತು. ಅದರ ಅಗಲಕ್ಕೇ ಮಾಡು ಎಂದೆ. ನಮ್ಮ ಮಣ್ಣು ರಸ್ತೆಗಳಲ್ಲೆಲ್ಲ ಬಂಡಿ ಓಡಾಡಿ ಎರಡು ಜಾಡು ಬಿದ್ದಿರುತ್ತವೆ. ಹಿಂದಿನ ಚಕ್ರಗಳು ಆ ಜಾಡಿನಲ್ಲಿ, ಮುಂದಿನದು ನಡುವಿನ ದಿಬ್ಬದಲ್ಲಿ ಹೋದರೆ ಗಾಡಿ ರೈಲಿನಂತೆ ಹೋಗುತ್ತದೆ. ಇಷ್ಟು ಬುದ್ಧಿ ಯಾವ ಕಂಪನಿಯವರಿಗೂ ಹೊಳೆದಿರಲಾರದೆಂದು ಅಂದು ನಾನು ಉಬ್ಬಿದೆ.

ಸಾವಿತ್ರಮ್ಮ ಉಬ್ಬಲಿಲ್ಲ. ಅವಳ ಅಕ್ಕ ವೆಂಕಟಮ್ಮ ಇರುವುದು ಪಲಮನೇರಿನ ಕಡೆ. ಬಸ್ಸಿನ ವಾಸನೆಗೆ ಇವಳಿಗೆ ಮಾಲೂರು ದಾಟುವ ಮುಂಚೆಯೇ ವಾಂತಿ, ಬಂಡಿಯಲ್ಲಿ ಹೋದರೆ ಸೊಂಟ ಏಳುವುದಿಲ್ಲ. ಹೀಗಾಗಿ ಅಕ್ಕ ತಂಗಿ ಮುಖ ನೋಡಿ ವರ್ಷಗಳೇ ಆಗಿದ್ದವು. ಅವಳು ನೇರವಾಗಿ ಹೇಳಿದಳು: "ನಮ್ಮಕ್ಕನ ಮನೆಗೆ ಕರ್ಕೊಂಡು ಹೋಗಿ, ವಾಪಸ್ ಕರ್ಕೊಂಡು ಬನ್ನಿ. ಬೀಳಿಸ್ದೆ ಬಂದ್ರೆ ಆಮೇಲೆ ನಾನು ತುಟಿ ಎರಡು ಮಾಡಲ್ಲ. ಒಂದು ಸಲ ಬೀಳಿಸಿದ್ರೂ ಗಾಡಿನ ಅಲ್ಲೇ ಮಾರಿ ಬಸ್ಸಲ್ಲಿ ಬರೋದು. ವಾಂತಿ ಮಾಡ್ಕೊಂಡಾದ್ರೂ ಬರ್ತೀನಿ."

ನಾನು ಒಪ್ಪಿದೆ. ಅವಳು ಬಸ್ಸಿನ ಮಾತೆತ್ತಿದಳೆಂದರೆ ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ವಕ್ಕಲೇರಿ

ಹೊರಟಾಗ ಅವಳ ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಒಂದು ನಿಂಬೆಹಣ್ಣು. ವಾಂತಿ ಬಂದರೆ ಮೂಸುವುದಕ್ಕೆ.

ಎರಡು ಚಕ್ರದವನಿಗೆ ಮೂರು ಚಕ್ರ ಹತ್ತುವುದು ಸುಲಭ, ಎರಡು ಚಕ್ರವನ್ನು ಮರೆಯುವುದು ಕಷ್ಟ. ಪಟಪಟಿಯ ಮೇಲೆ ತಿರುವು ಬಂದರೆ ಮೈ ಬಾಗಿಸುತ್ತೇವೆ, ಗಾಡಿ ತಾನಾಗಿ ತಿರುಗುತ್ತದೆ. ಮೂರು ಚಕ್ರಕ್ಕೆ ಮೈಯ ಭಾಷೆ ಬರುವುದಿಲ್ಲ, ಹ್ಯಾಂಡಲ್ಲನ್ನು ಕೈಯಿಂದ ಹಿಡಿದೇ ತಿರುಗಿಸಬೇಕು. ಇದನ್ನು ಶಿವಾರಪಟ್ಟಣದಲ್ಲಿ ಚೆನ್ನಾಗಿ ಅಭ್ಯಾಸ ಮಾಡಿದ್ದೆ. ವಕ್ಕಲೇರಿಯ ಹತ್ತಿರದ ತಿರುವಿನಲ್ಲಿ ಎದುರಿಗೆ ಹಾಲಿನ ಕ್ಯಾನು ಹೊತ್ತ ಸೈಕಲ್ ಬಂದದ್ದೇ ಅಭ್ಯಾಸವೆಲ್ಲ ಹಾರಿಹೋಯಿತು. ಹಳೆಯ ರೂಢಿಯಂತೆ ಮೈಯನ್ನು ಚೆಂದವಾಗಿ ಬಾಗಿಸಿದೆ. ಗಾಡಿ ನೇರವಾಗಿ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು.

ಎಂಜಿನ್ ನಿಂತಿತು. ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಬುಟ್ಟಿ ಇಳಿಸಿ ನಮ್ಮನ್ನೇ ನೋಡಿದಳು. ನಾನು ಹಿಂದಕ್ಕೆ ತಿರುಗಿ ಸಾವಿತ್ರಮ್ಮನ ಮುಖ ನೋಡಿದೆ. ಹೊರಟು ಅರ್ಧ ದಿನವೂ ಆಗಿರಲಿಲ್ಲ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿ ಚಕ್ರಗಳನ್ನು ನೋಡಿದಳು.

"ನಿಂತಿದೆಯಲ್ಲ," ಎಂದಳು. "ನಿಂತಿದ್ರೆ ಬಿದ್ದ ಹಾಗಲ್ಲ."

ತೋಟದ ಹೆಂಗಸಿನ ಕ್ಷಮೆ ಕೇಳಿದೆವು. ಮುರಿದ ಕಡ್ಡಿಗಳಿಗೆ ಅವಳು ಬೇಸರಪಡಲಿಲ್ಲ, ಹೇಗಿದ್ದರೂ ಇವತ್ತು ಆ ಸಾಲನ್ನು ಕತ್ತರಿಸುವುದೇ ಇತ್ತು ಎಂದಳು. ಆಮೇಲೆ ಗಾಡಿಯ ಸುತ್ತ ಒಂದು ಬಾರಿ ಬಂದು, ನಡೆ ಕಲಿಯುವ ಮಗುವಿಗೆ ಬಡಗಿ ಮಾಡಿಕೊಡುವ ಮೂರು ಗಾಲಿಯ ನಡೆಬಂಡಿ ಇದೇ ತರಹ ಅಲ್ಲವೇ ಎಂದು ಕೇಳಿದಳು. ಸಾವಿತ್ರಮ್ಮ ಅದಕ್ಕೆ ಎಷ್ಟು ನಕ್ಕಳೆಂದರೆ ಅವಳ ನಿಂಬೆಹಣ್ಣು ಕೈಜಾರಿ ಬಿತ್ತು, ಆ ಹೆಂಗಸೇ ಎತ್ತಿ ಕೊಟ್ಟಳು.

ಕೋಲಾರ, ಯಲ್ದೂರು

ಆ ನಡೆಬಂಡಿ ನನ್ನನ್ನು ಬಿಡಲಿಲ್ಲ. ಕೋಲಾರದಲ್ಲಿ ಪೆಟ್ರೋಲಿಗೆ ನಿಂತಾಗ ನನ್ನ ಕೈಕೆಳಗೆ ಕೆಲಸ ಮಾಡಿದ್ದ ಮೇಸ್ತ್ರಿಯೇ ಸಿಕ್ಕಿ, ಏನು ರಾಯರೇ, ಮತ್ತೆ ಮೊದಲಿಂದ ನಡಿಗೆ ಕಲೀತಾ ಇದೀರಾ ಎಂದ. ಸಿಟ್ಟು ಬಂತು. ಅವನು ಹಾಕಿಸಿದ್ದ ಒಂದು ಮೋರಿ ಮೊದಲ ಮಳೆಗೇ ಕೊಚ್ಚಿಹೋದದ್ದನ್ನು ನೆನಪು ಮಾಡಿ ಮುಂದೆ ಹೊರಟೆ.

ಕೋಲಾರದಿಂದ ಮುಳಬಾಗಿಲಿಗೆ ನೆಟ್ಟಗೆ ಹೋಗಬಹುದಿತ್ತು. ಆದರೆ ಅಕ್ಕನಿಗೆ ಶ್ರೀನಿವಾಸಪುರದ ಕಡೆಯ ಮಾವಿನಹಣ್ಣೇ ಆಗಬೇಕೆಂದು ಸಾವಿತ್ರಮ್ಮ ಹಟ ಹಿಡಿದಿದ್ದರಿಂದ ಸುತ್ತುದಾರಿ ಹಿಡಿದೆವು. ಶ್ರೀನಿವಾಸಪುರ ದಾಟಿ ಯಲ್ದೂರು ತಲುಪುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಮಾವಿನ ತೋಪು, ಗಾಳಿಯೆಲ್ಲ ಹಣ್ಣಿನ ವಾಸನೆ. ಬಂಡಿಜಾಡಿನಲ್ಲಿ ನನ್ನ ಹಿಂದಿನ ಚಕ್ರಗಳು ಅಳತೆ ಕೊಟ್ಟು ಹೊಲಿಸಿದಂತೆ ಕೂತು ಉರುಳಿದವು. ಹ್ಯಾಂಡಲ್ಲನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕಿತ್ತು. ಹಿಂದಿನ ಸೀಟಿನಿಂದ ಸಣ್ಣಗೆ ಹಾಡು ಕೇಳಿಸಿತು. ಮದುವೆಯಾದ ಮೇಲೆ ಅವಳು ಅಡುಗೆಮನೆಯ ಹೊರಗೆ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಂಜಿನ್ ಸದ್ದಿನಲ್ಲಿ ತನ್ನ ದನಿ ಯಾರಿಗೂ ಕೇಳಿಸದೆಂದು ಅವಳ ಎಣಿಕೆ. ತಿರುಗಿ ನೋಡಿದರೆ ನಿಲ್ಲಿಸಿಬಿಡುತ್ತಾಳೆಂದು ನಾನು ತಿರುಗಲಿಲ್ಲ.

ತೋಪಿನ ಮುಂದೆ ಗಾಡಿ ನಿಲ್ಲಿಸುವಾಗ ಇನ್ನೊಂದು ಎಡವಟ್ಟಾಯಿತು. ನಿಲ್ಲುವ ಮುಂಚೆಯೇ ನನ್ನ ಎಡಗಾಲು ತಾನಾಗಿ ನೆಲಕ್ಕೆ ಇಳಿಯಿತು. ಜೀವಮಾನದ ರೂಢಿ, ನಾನು ಹೇಳಿದರೆ ಎಲ್ಲಿ ಕೇಳುತ್ತದೆ? ಹಿಂದಿನಿಂದ ಬಂದ ನನ್ನದೇ ಚಕ್ರ ನನ್ನ ಚಪ್ಪಲಿಯ ಹಿಮ್ಮಡಿಯನ್ನು ಹತ್ತಿ ಹರಿದುಹಾಕಿತು. ಕಾಲು ಉಳಿದದ್ದು ಪುಣ್ಯ. ಅಂದಿನಿಂದ ಗಾಡಿ ನಿಧಾನವಾದಾಗಲೆಲ್ಲ ಹಿಂದಿನಿಂದ ಒಂದು ಆಜ್ಞೆ ಬರತೊಡಗಿತು: "ಕಾಲು."

ತೋಪಿನ ಯಜಮಾನ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತಾಡುತ್ತ ಹಣ್ಣನ್ನು ಒಂದೊಂದಾಗಿ ಮೂಸಿ ಬುಟ್ಟಿಗೆ ಹಾಕಿದ. ಇವತ್ತು ತಿನ್ನುವುದು, ನಾಳೆ ತಿನ್ನುವುದು, ನಾಡಿದ್ದು ತಿನ್ನುವುದು ಎಂದು ಮೂರು ಪದರ ಮಾಡಿ ನಡುವೆ ಹುಲ್ಲು ಹಾಸಿದ. ಕಂಪನಿಯ ದೊರೆಗೂ ಇಷ್ಟು ಉಪಚಾರ ಸಿಕ್ಕಿರಲಾರದು.

ಮುಳಬಾಗಿಲು

ಮುಳಬಾಗಿಲು ಮೂಡಲ ದಿಕ್ಕಿನ ಬಾಗಿಲು. ತಿರುಪತಿಗೆ ಹೋಗುವವರು, ತಲೆ ಬೋಳಿಸಿಕೊಂಡು ಬರುವವರು ಎಲ್ಲ ಅಲ್ಲೇ ತಂಗುತ್ತಾರೆ. ನಾವೂ ಛತ್ರದಲ್ಲಿ ಉಳಿದೆವು. ಬೆಳಗ್ಗೆ ಎದ್ದು ನೋಡಿದರೆ ಯಾರೋ ಪುಣ್ಯಾತ್ಮರು ನನ್ನ ಗಾಡಿಯ ಮೂರೂ ಚಕ್ರಕ್ಕೆ ಕುಂಕುಮ ಇಟ್ಟಿದ್ದಾರೆ. ಯಾರೆಂದು ಗೊತ್ತಾಗಲಿಲ್ಲ. ಛತ್ರದವನು, ಬೋಳುತಲೆಯ ಮುದುಕರೊಬ್ಬರು ಬಹಳ ಹೊತ್ತು ಗಾಡಿಯ ಪಕ್ಕ ಕೂತಿದ್ದರು ಎಂದಷ್ಟೇ ಹೇಳಿದ. ಕೋಲಾರದ ಮೇಸ್ತ್ರಿಯ ಮಾತಿನ ಉರಿ ನನಗೆ ಅಲ್ಲಿ ಆರಿತು.

ಗಡಿಯಾಚೆ

ನಂಗಲಿ ದಾಟಿದ್ದು ನನಗೆ ಹೆಮ್ಮೆಯ ಗಳಿಗೆ. ನನ್ನ ನೌಕರಿಯ ರಸ್ತೆ ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆ ನಾನೆಂದೂ ಕಾಲಿಟ್ಟವನಲ್ಲ. ಪರದೇಶದಲ್ಲಿ ನೋಡಿದ್ದನ್ನು ಹೇಳಬೇಕಲ್ಲ: ಅಲ್ಲಿ ರಸ್ತೆಬದಿಗೆ ಹುಣಿಸೆಮರ ಹೆಚ್ಚು, ಮೈಲಿಗಲ್ಲುಗಳ ಸುಣ್ಣ ಕಡಿಮೆ. ದಾರಿ ಕೇಳಿದರೆ ಜನ ದಾರಿ ಹೇಳುವುದಿಲ್ಲ, ಮೊದಲು ನೀವು ಯಾರ ಮನೆಗೆ, ಅವರಿಗೆ ನೀವೇನಾಗಬೇಕು ಎಂದು ಕೇಳಿ ಸಂಬಂಧವನ್ನು ಇತ್ಯರ್ಥ ಮಾಡುತ್ತಾರೆ. ಅದು ಮುಗಿದ ಮೇಲೆ ಕೈ ತೋರಿಸುತ್ತಾರೆ. ನಮ್ಮಲ್ಲಿ ಮೊದಲು ಕೈ ತೋರಿಸಿ, ನೀವು ಅರ್ಧ ಫರ್ಲಾಂಗು ಹೋದ ಮೇಲೆ ಕೂಗಿ ಯಾರ ಮನೆಗೆ ಎಂದು ಕೇಳುತ್ತಾರೆ.

ದೊಡ್ಡ ರಸ್ತೆ ಬಿಟ್ಟು ಅಕ್ಕನ ಊರಿನ ಮಣ್ಣುದಾರಿಗೆ ತಿರುಗಿದೆವು. ಬಂಡಿಜಾಡು ಕಂಡು ನನಗೆ ಖುಷಿಯಾಯಿತು. ಯಲ್ದೂರಿನಲ್ಲಿ ಹೋದಂತೆ ಎರಡು ಬೆರಳಲ್ಲಿ ಹೋಗುತ್ತೇನೆಂದು ಚಕ್ರಗಳನ್ನು ಜಾಡಿಗೆ ಇಳಿಸಿದೆ. ಬಲದ ಚಕ್ರ ಇಳಿಯಿತು. ಎಡದ್ದು ಇಳಿಯಲಿಲ್ಲ, ಜಾಡಿನ ಹೊರಗಿನ ದಡದ ಮೇಲೆ ಹತ್ತಿ ಕೂತಿತು. ಗಾಡಿ ಓರೆಯಾಯಿತು. ಸರಿಮಾಡಲೆಂದು ಎಡಕ್ಕೆ ಎಳೆದೆ. ಬಲದ ಚಕ್ರ ಜಾಡಿನಿಂದ ಹಾರಿ ಮೇಲೆ ಬಂತು, ಎಡದ್ದು ದಡದ ಆಚೆ ಜಾರಿತು. ಗಾಡಿ ವಾಲಿದ್ದು ಅರಿವಾದ ತಕ್ಷಣ ನನ್ನ ಎಡಗಾಲು, ಆ ಹಾಳು ಎಡಗಾಲು, ನೆಲ ಹುಡುಕಿಕೊಂಡು ಹೊರಟಿತು. ಮೊಣಕಾಲು ಕುಸಿಯಿತು. ನಾನು ಹ್ಯಾಂಡಲ್ಲಿನ ಸಮೇತ ಪಕ್ಕದ ಹೊಲಕ್ಕೆ ಉರುಳಿದೆ, ನನ್ನ ಹಿಂದೆ ಗಾಡಿ, ಗಾಡಿಯ ಹಿಂದೆ ಸಾವಿತ್ರಮ್ಮ.

ಉತ್ತು ಬಿಟ್ಟ ಹೊಲ, ಹಾಸಿಗೆಯಂತೆ ಮೆತ್ತಗಿತ್ತು. ಯಾರಿಗೂ ಏನೂ ಆಗಲಿಲ್ಲ. ಸಾವಿತ್ರಮ್ಮ ಮಾವಿನ ಬುಟ್ಟಿಯನ್ನು ಎದೆಗವಚಿಕೊಂಡು ಮಣ್ಣಿನಲ್ಲಿ ಕೂತಿದ್ದಳು. ಇವತ್ತು ತಿನ್ನುವ ಪದರದ ಹಣ್ಣುಗಳು ಮಾತ್ರ ಹೊಲದ ತುಂಬ ಉರುಳಿದ್ದವು. ಅವಳು ಮೊದಲಿನಂತೆ ಚಕ್ರಗಳ ಕಡೆ ನೋಡಿದಳು. ಈ ಸಲ ಗಾಡಿ ನಿಂತಿರಲಿಲ್ಲ, ಮಲಗಿತ್ತು.

ಗೊಬ್ಬರ ತುಂಬಿದ ಬಂಡಿಯವನೊಬ್ಬ ಬಂದ. "ಎವರಿಂಟಿಕಿ?" ಎಂದ. ಯಾರ ಮನೆಗೆ ಎಂದು ಹೇಳುವ ತನಕ ಎತ್ತಲಿಲ್ಲ. ಹೇಳಿದ ಮೇಲೆ ಮಾತ್ರ ಹೆಗಲು ಕೊಟ್ಟು ಗಾಡಿಯನ್ನು ದಾರಿಗೆ ಹತ್ತಿಸಿದ. ಅವನ ಬಂಡಿ ನನ್ನ ಗಾಡಿಯ ಪಕ್ಕದಲ್ಲೇ ಮುಂದೆ ಹೋಯಿತು. ಆಗ ನನ್ನ ಕಣ್ಣು ತೆರೆಯಿತು. ಸಾವಿತ್ರಮ್ಮನ ಕೊಡೆಯನ್ನು ಜಾಡಿಗೂ ನನ್ನ ಅಚ್ಚಿಗೂ ಅಡ್ಡ ಹಿಡಿದು ಅಳೆದೆ. ಅವರ ಬಂಡಿ ನಮ್ಮ ಬಂಡಿಗಿಂತ ಗೇಣಿನಷ್ಟು ಕಿರಿದು. ಆಚಾರಿಯ ಬಾಗಿಲಿನ ಬಂಡಿಯೇ ಭೂಮಿಯ ಮೇಲಿನ ಬಂಡಿಗಳಿಗೆಲ್ಲ ಅಳತೆ ಎಂದು ತಿಳಿದ ಓವರ್‌ಸಿಯರ್ ನಾನು. ಸರಕಾರ ಬದಲಾದದ್ದು ನಂಗಲಿಯಲ್ಲಿ ನನಗೆ ಕಂಡಿತ್ತು, ಜಾಡು ಬದಲಾದದ್ದು ಕಾಣಲಿಲ್ಲ.

ಉಳಿದ ದಾರಿ ನಾನು ಗಾಡಿಯನ್ನು ಜಾಡಿನಿಂದ ಪೂರ್ತಿ ಹೊರಗಿಟ್ಟು ಓಡಿಸಿದೆ. ಸಾವಿತ್ರಮ್ಮ ನಡೆದೇ ಬಂದಳು.

ಅಕ್ಕನ ಮನೆ

ವೆಂಕಟಮ್ಮ ಬಾಗಿಲಲ್ಲಿ ನಿಂತಿದ್ದರು. ತಂಗಿಯನ್ನು ಮೊದಲು ಗುರುತಿಸಲಿಲ್ಲ, ತಲೆ ತುಂಬ ಮಣ್ಣು. ಗುರುತಾದ ಮೇಲೆ ಇಬ್ಬರೂ ಅತ್ತರು. ಅಕ್ಕ ಸೆರಗಿನಿಂದ ತಂಗಿಯ ಕೂದಲಿನ ಮಣ್ಣು ಒರೆಸುತ್ತ ಅತ್ತರು, ತಂಗಿ ಅಕ್ಕನ ಮೂಳೆ ಎದ್ದು ಕಾಣುವ ಕೈ ಸವರುತ್ತ ಅತ್ತಳು. ಇಷ್ಟು ದೂರವನ್ನು ಇಷ್ಟು ವರ್ಷ ದಾಟದೆ ಬಿಟ್ಟೆವಲ್ಲ ಎಂದು ನನಗೆ ಅನಿಸಿತು. ಸಾವಿತ್ರಮ್ಮನ ನಿಂಬೆಹಣ್ಣನ್ನು ಅಂದು ಪಾನಕ ಮಾಡಿದರು. ದಾರಿಯುದ್ದಕ್ಕೂ ಅವಳು ಅದನ್ನು ಒಂದು ಸಲವೂ ಮೂಸಿರಲಿಲ್ಲ.

ಆದರೆ ಮಾತು ಮಾತೇ. ಆ ಊರಿನ ದೊಡ್ಡ ರೈತ ಒಬ್ಬ ರೆಡ್ಡಿಗಾರು ಸಂಜೆ ಬಂದು ಗಾಡಿಯನ್ನು ತಟ್ಟಿ, ತಿರುವಿ ನೋಡಿ, ಕೊಡುತ್ತೀರಾ ಎಂದು ಕೇಳಿದರು. ಅವರಿಗೂ ಸೊಂಟನೋವಂತೆ. ನಾನು ಒಳಗೆ ನೋಡಿದೆ, ಸಾವಿತ್ರಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒಪ್ಪಂದ ಒಪ್ಪಂದವೇ ಎಂದು, ನಾಳೆ ಬನ್ನಿ ಎಂದುಬಿಟ್ಟೆ. ಹಾಗೆ ಹೇಳಿದ ಮೇಲೆ ಊಟ ಸೇರಲಿಲ್ಲ. ಆ ಗಾಡಿಯ ಜೊತೆ ನನ್ನ ಕೈಕಾಲೂ ಅಲ್ಲೇ ಉಳಿಯುತ್ತವೆ ಎನಿಸಿತು.

ಬೆಳಗ್ಗೆ ಕಾಫಿ ಕುಡಿದದ್ದೇ ವೆಂಕಟಮ್ಮ ತಾವೂ ಒಂದು ಸುತ್ತು ಹತ್ತಬೇಕೆಂದರು. ಹಿಂದಿನ ಸೀಟಿನಲ್ಲಿ ಅಕ್ಕ ತಂಗಿ ಒತ್ತಿ ಕೂತರು. ಊರಬೀದಿಯಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದೆ. ಜನ ಬಾಗಿಲಿಗೆ ಬಂದರು. ಇಬ್ಬರೂ ತೆಲುಗಿನಲ್ಲಿ ಏನೇನೋ ಹೇಳಿಕೊಂಡು, ತವರುಮನೆಯ ಉಯ್ಯಾಲೆಯ ಮೇಲಿದ್ದವರಂತೆ ನಕ್ಕರು. ಎರಡನೆಯ ಸುತ್ತನ್ನು ಅವರೇ ಕೇಳಿದರು. ಮೂರನೆಯದನ್ನು ನಾನೇ ಹಾಕಿದೆ, ಕೊನೆಯ ಬಾರಿಯೆಂದು.

ವಾಪಸು ಬಂದಾಗ ರೆಡ್ಡಿಗಾರು ಜಗಲಿಯ ಮೇಲೆ ಕೂತಿದ್ದರು. ಪರಪುರುಷರ ಮುಂದೆ ನಿಂತು ಮಾತಾಡುವುದು ಸಾವಿತ್ರಮ್ಮನ ರೂಢಿಯಲ್ಲ. ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ನಾನು ಗಾಡಿಯ ಬೀಗದ ಕೈಗೆ ಜೇಬಿನಲ್ಲಿ ಕೈ ಹಾಕಿದೆ. ಬಾಗಿಲ ಹಿಂದಿನಿಂದ ಅವಳ ದನಿ ಬಂತು.

"ಇವರು ಬೀಳಿಸಿದ್ದು ನಿಮ್ಮ ಸೀಮೇಲಿ ಕಣಪ್ಪ. ನಾನು ಮಾತು ತಗೊಂಡಿದ್ದು ನಮ್ಮ ಸೀಮೇಲಿ. ಅಲ್ಲಿ ಮಾಲೂರಿಂದ ನಂಗಲಿ ತನಕ ಒಂದು ಕಡೇನೂ ಬೀಳಿಸಿಲ್ಲ. ಇಂಗ್ಲಿಷ್ ಸರ್ಕಾರದ ಜಾಡು ಕಿರಿದಾದ್ರೆ ಅದಕ್ಕೆ ನಾವು ಗಾಡಿ ಮಾರೋಕಾಗುತ್ತಾ?"

ಬಾಗಿಲ ಮರೆಯಿಂದ ಇಂಥ ತೀರ್ಪು ಬರುವುದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ವೆಂಕಟಮ್ಮ ತೆಲುಗಿನಲ್ಲಿ ಬಿಡಿಸಿ ಹೇಳಿದ ಮೇಲೆ ಮಾತಿನ ಹಿನ್ನೆಲೆ ತಿಳಿದು ರೆಡ್ಡಿಗಾರು ಬಹಳ ಹೊತ್ತು ನಕ್ಕರು. ಇಂಥ ವಕೀಲರು ಚಿತ್ತೂರಿನ ಕೋರ್ಟಿನಲ್ಲೂ ಇಲ್ಲ ಎಂದರು. ನಾನು ಬೀಗದ ಕೈಯನ್ನು ಜೇಬಿನಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ.

ಮತ್ತೆ ಮಾಲೂರು

ಒಂದು ವಾರ ಇದ್ದು ಹೊರಟೆವು. ಮುಂದಿನ ಸುಗ್ಗಿಗೆ ಮತ್ತೆ ಬರುತ್ತೇವೆಂದು ಸಾವಿತ್ರಮ್ಮ ನನ್ನನ್ನು ಕೇಳದೆಯೇ ಅಕ್ಕನಿಗೆ ಮಾತು ಕೊಟ್ಟಳು. ಆ ಕಿರಿದಾದ ಜಾಡಿನಲ್ಲಿ ಅವಳು ಮುಂದೆ ನಡೆದು, ಎಲ್ಲಿ ಅಗಲವಿದೆ ಎಂದು ಕೊಡೆಯಿಂದ ತೋರಿಸುತ್ತ ಹೋದಳು. ನಾನು ಅವಳ ಹಿಂದೆ ಗಾಡಿ ಬಿಟ್ಟೆ. ದೊಡ್ಡ ರಸ್ತೆಗೆ ಬಂದು ಗಾಡಿ ಹತ್ತಿ ಕೂತವಳು ನಂಗಲಿ ದಾಟಿದ ಮೇಲೆ, ಇನ್ನು ಬೀಳಿಸಿದರೆ ಲೆಕ್ಕಕ್ಕೆ ಬರುತ್ತದೆ ನೋಡಿ ಎಂದು ಎಚ್ಚರಿಸಿದಳು.

ಬೀಳಿಸಲಿಲ್ಲ. ಮುಳಬಾಗಿಲು ಕಳೆಯಿತು, ಕೋಲಾರ ಕಳೆಯಿತು, ವಕ್ಕಲೇರಿಯ ತಿರುವಿನಲ್ಲಿ ಮೈ ನೆಟ್ಟಗಿಟ್ಟು ಕೈಯಿಂದ ತಿರುಗಿಸಿದೆ. ಮಾಲೂರಿಗೆ ಬಂದಾಗ ರೈಲು ಗೇಟು ಹಾಕಿತ್ತು. ಅದೇ ಗೇಟು, ಅದೇ ಸಂತೆಯ ದಿನ, ಹೆಚ್ಚುಕಡಿಮೆ ಅದೇ ಜನ. ಗಾಡಿ ನಿಧಾನ ಮಾಡಿದೆ. ಹಿಂದಿನಿಂದ "ಕಾಲು" ಎಂಬ ಆಜ್ಞೆಗೆ ಕಾದೆ. ಅವಳು ಹೇಳಲಿಲ್ಲ. ಗಾಡಿ ನಿಂತಿತು. ಕೆಳಗೆ ನೋಡಿದರೆ ನನ್ನ ಎರಡು ಕಾಲೂ ಗಾಡಿಯ ಮೇಲೇ ಇದ್ದವು.

ನಮ್ಮನ್ನು ಕಂಡ ಮುನಿಸ್ವಾಮಿ ಹಸಿರು ಬಾವುಟ ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ತೋಳು ಹಿಡಿಯಲು ಓಡಿ ಬಂದ. ಅವನ ಕೈ ನನ್ನ ತೋಳಿಗೆ ಇನ್ನೇನು ತಾಗಬೇಕು, ಸಾವಿತ್ರಮ್ಮ ಕೊಡೆ ಅಡ್ಡ ಹಿಡಿದಳು.

"ಬೇಡಪ್ಪ," ಎಂದಳು. "ನಾವು ನಿಂತಿದೀವಿ."